ವೈದ್ಯರಿಗೆ ಮದ್ದಿನ ಪಾಠ ಹೇಳುವವರು ಯಾರು?

ಎಂಬಿಬಿಎಸ್ ಓದುವವರಿಗೆ ಫಾರ್ಮಕಾಲಜಿ ಬರುವುದು ಕೋರ್ಸಿನ ಎರಡನೇ ಘಟ್ಟದಲ್ಲಿ. ಸ್ವಂತ ಹೊಣೆಯಲ್ಲಿ ಒಬ್ಬ ರೋಗಿಗೂ ಮಾತ್ರೆ ಬರೆದಿರದ ವಯಸ್ಸು ಅದು. ಪರೀಕ್ಷೆ ಮುಗಿದ ಮೇಲೆ ಆ ವಿಷಯವನ್ನು ಮತ್ತೆ ಯಾರೂ ಕೂರಿಸಿ ಕೇಳುವುದಿಲ್ಲ. ಪೆನ್ನು ಮಾತ್ರ ಮೂವತ್ತು ನಲವತ್ತು ವರ್ಷ ಓಡುತ್ತದೆ. ಅಷ್ಟರಲ್ಲಿ ಪಾಠವೇ ತಿರುವುಮುರುವಾಗಿರುತ್ತದೆ. ಹೃದಯ ವೈಫಲ್ಯದ ರೋಗಿಗೆ ಬೀಟಾ ಬ್ಲಾಕರ್ ಕೊಡಲೇಬಾರದು ಎಂದು ಒಂದು ತಲೆಮಾರಿನವರು ಬಾಯಿಪಾಠ ಮಾಡಿದ್ದರು. ಸ್ಥಿತಿ ಹತೋಟಿಗೆ ಬಂದ ಮೇಲೆ ಅತಿ ಕಡಿಮೆ ಪ್ರಮಾಣದಿಂದ ಶುರುಮಾಡಿದರೆ ಅದೇ ಮದ್ದು ಸಾವನ್ನು ಮೂರನೇ ಒಂದರಷ್ಟು ತಗ್ಗಿಸುತ್ತದೆ ಎಂದು 1999ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ತೋರಿಸಿದವು. ಶುಗರ್ ಮಾತ್ರೆಯೆಂದು ಬಂದ ಡಾಪಾಗ್ಲಿಫ್ಲೋಜಿನ್, ಶುಗರ್ ಇಲ್ಲದ ಹೃದಯ ವೈಫಲ್ಯದ ರೋಗಿಗೂ ಉಪಕಾರಿ ಎಂದು 2019ರಲ್ಲಿ ಗೊತ್ತಾಯಿತು. ಪೇಟೆಂಟ್ ಮುಗಿದು ಬೆಲೆ ಇಳಿದ ಮೇಲೆ ಅದು ನಮ್ಮ ಹಳ್ಳಿಗಳಿಗೂ ಬಂದಿದೆ. ಆದರೆ ಆಪರೇಷನ್ನಿಗೆ ಮೂರು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ರಕ್ತದ ಸಕ್ಕರೆ ಹೆಚ್ಚೇನೂ ಏರದೆಯೇ ಕೀಟೋಅಸಿಡೋಸಿಸ್ ಆಗಬಹುದು. ಈ ವಿಷಯ ಫಿಸಿಷಿಯನ್‌ಗೆ ಗೊತ್ತಿದ್ದರೆ ಸಾಲದು, ವಾರ್ಡಿನಲ್ಲಿ ರೋಗಿಯನ್ನು ಸಿದ್ಧಪಡಿಸುವ ನರ್ಸ್‌ಗೂ ಗೊತ್ತಿರಬೇಕು.

ಹಾಗಾದರೆ ಓದು ಮುಗಿಸಿದವರಿಗೆ ಇದನ್ನೆಲ್ಲ ಕಲಿಸುವವರು ಯಾರು? ಕಾಗದದ ಮೇಲೆ ಉತ್ತರವಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿ ಸಂಹಿತೆಯ ಪ್ರಕಾರ ವೈದ್ಯರು ಐದು ವರ್ಷಕ್ಕೆ 30 ಗಂಟೆಯಾದರೂ ಮುಂದುವರಿದ ಶಿಕ್ಷಣ, ಅಂದರೆ ಸಿಎಂಇ, ಪಡೆಯಬೇಕು. ಆದರೆ ಇಲ್ಲಿ ಲೆಕ್ಕಕ್ಕೆ ಸಿಗುವುದು ಕೂತ ಹೊತ್ತು. ಹೋಟೆಲಿನ ಸಭಾಂಗಣ, ಸ್ಲೈಡುಗಳು, ಹೊರಗೆ ಕಂಪನಿಗಳ ಸ್ಟಾಲು, ಊಟ, ಕೊನೆಗೊಂದು ಸರ್ಟಿಫಿಕೇಟು. ಇಂಥ ಉಪನ್ಯಾಸ ಸಭೆಗಳಿಂದ ವೈದ್ಯರ ರೂಢಿ ಎಷ್ಟು ಬದಲಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ಸಮೀಕ್ಷೆಗೆ ಸಿಕ್ಕ ಸುಧಾರಣೆ ಶೇ. 6ರ ಆಸುಪಾಸು. ತೀರ ಶೂನ್ಯವಲ್ಲ, ಆದರೆ ಒಂದು ದೇಶದ ಔಷಧ ಸುರಕ್ಷತೆಯನ್ನು ಇಷ್ಟರ ಮೇಲೆ ನಿಲ್ಲಿಸಲಾಗದು.

ಅದೇ ವೈದ್ಯರ ರೂಢಿಯನ್ನು ನಿಜವಾಗಿ ಬದಲಾಯಿಸುವವರು ಬೇರೆ ಇದ್ದಾರೆ. ತಾಲ್ಲೂಕು ಊರಿನ ಕ್ಲಿನಿಕ್ಕಿನಲ್ಲಿ ಕೊನೆಯ ರೋಗಿ ಎದ್ದುಹೋದ ಮೇಲೆ ಮೆಡಿಕಲ್ ರೆಪ್ ಒಳಗೆ ಬರುತ್ತಾನೆ. ಅವನಿಗೆ ಸಿಗುವುದು ಹೆಚ್ಚೆಂದರೆ ಐದು ನಿಮಿಷ, ಹೇಳುವುದು ಒಂದೋ ಎರಡೋ ಮದ್ದಿನ ಮಾತು. ಬರುವ ಮುಂಚೆ ಪಕ್ಕದ ಮೆಡಿಕಲ್ ಶಾಪಿನಲ್ಲಿ ಈ ಡಾಕ್ಟರು ಯಾವ ಬ್ರಾಂಡು ಎಷ್ಟು ಬರೆಯುತ್ತಾರೆ ಎಂದು ವಿಚಾರಿಸಿಕೊಂಡಿರುತ್ತಾನೆ. ಅವರ ಭಾಷೆಯಲ್ಲಿ ಅದಕ್ಕೆ ಆರ್‌ಸಿಪಿಎ ಎನ್ನುತ್ತಾರೆ. ಮುಂದಿನ ತಿಂಗಳು ಮತ್ತೆ ಬರುತ್ತಾನೆ. ಎದುರು ಕೂತು ಮಾತು, ಚಿಕ್ಕ ಪಾಠ, ಕಲಿಯುವವರ ಸ್ವಂತ ಚೀಟಿಯ ಪರಿಶೀಲನೆ, ಬಿಡದ ಬೆನ್ನುಹತ್ತುವಿಕೆ: ಒಳ್ಳೆಯ ಶಿಕ್ಷಣಕ್ಕೆ ಬೇಕಾದದ್ದೆಲ್ಲ ಇಲ್ಲಿದೆ. ಕೊರತೆ ಒಂದೇ, ಪಾಠ ಹೇಳುವವನು ಮಾರಲು ಬಂದವನು. ಅವನನ್ನು ನಾನು ದೂರುವುದಿಲ್ಲ. ದಿನಕ್ಕೆ ನೂರು ರೋಗಿಗಳನ್ನು ನೋಡುವ ಒಂಟಿ ವೈದ್ಯರ ಬಳಿಗೆ ಹೊಸ ಮದ್ದಿನ ಸುದ್ದಿ ಹೊತ್ತು ಬೇರೆ ಯಾರೂ ಬರುತ್ತಿಲ್ಲ ಎಂಬುದೇ ನನ್ನ ಸಂಕಟ.

ತಾವು ಇದಕ್ಕೆಲ್ಲ ಬಗ್ಗುವವರಲ್ಲ ಎಂದು ವೈದ್ಯರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. 1992ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಕಂಪನಿಯ ಖರ್ಚಿನಲ್ಲಿ ವಿಚಾರ ಸಂಕಿರಣಕ್ಕೆ ಹೋಗಿಬಂದ ಹೆಚ್ಚಿನವರು ಹೀಗೆಯೇ ಹೇಳಿದ್ದರು. ಅವರು ಬಂದಮೇಲೆ ಆಸ್ಪತ್ರೆಯಲ್ಲಿ ಆ ಕಂಪನಿಯ ಮದ್ದುಗಳ ಬಳಕೆ ಮಾತ್ರ ಗಣನೀಯವಾಗಿ ಏರಿತ್ತು. ನಮ್ಮಲ್ಲಿ ಉಡುಗೊರೆ, ಪ್ರವಾಸಗಳಿಗೆ 2009ರಲ್ಲಿ ನಿಷೇಧ ಬಂತು, 2024ರ ಮಾರಾಟ ಸಂಹಿತೆ ಇನ್ನಷ್ಟು ಬಿಗಿ ಮಾಡಿತು. ಒಳ್ಳೆಯದೇ. ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ಒಳಗೆ ಕಲಿಕೆ ಶುರುವಾಗುವುದಿಲ್ಲ.

ಕಲಿಕೆ ಎಲ್ಲಿ ಬೇಕಾಗಿದೆ ಎಂದು ನೋಡಲು ಮೆಡಿಕಲ್ ಶಾಪಿನ ಕೌಂಟರಿನ ಮುಂದೆ ನಿಲ್ಲಬೇಕು. ಅರವತ್ತೈದು ದಾಟಿದ ಒಬ್ಬ ಅಜ್ಜಿಯ ಕೈಯಲ್ಲಿ ಎರಡು ಚೀಟಿಗಳಿವೆ ಎಂದುಕೊಳ್ಳಿ. ಬಿಪಿಗೆಂದು ಫಿಸಿಷಿಯನ್ ಬರೆದದ್ದು ಟೆಲ್ಮಿಸಾರ್ಟನ್ ಮತ್ತು ಮೂತ್ರವರ್ಧಕ ಸೇರಿದ ಒಂದೇ ಮಾತ್ರೆ. ಮಂಡಿ ನೋವಿಗೆಂದು ಮೂಳೆ ಡಾಕ್ಟರು ಬರೆದದ್ದು ದಿನಕ್ಕೆರಡು ಅಸಿಕ್ಲೋಫೆನಾಕ್. ಬೇರೆಬೇರೆಯಾಗಿ ನೋಡಿದರೆ ಎರಡು ಚೀಟಿಗಳಲ್ಲೂ ತಪ್ಪಿಲ್ಲ. ಕೂಡಿದಾಗ ನೋವಿನ ಮಾತ್ರೆ ಕಿಡ್ನಿಯ ಸೋಸುಗಂಟಿಗೆ ರಕ್ತ ತರುವ ನಾಳವನ್ನು ಬಿಗಿಸುತ್ತದೆ, ಟೆಲ್ಮಿಸಾರ್ಟನ್ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ಮೂತ್ರವರ್ಧಕ ಮೈಯ ನೀರನ್ನೇ ಇಳಿಸುತ್ತದೆ. ಸೋಸಲು ಬೇಕಾದ ಒತ್ತಡ ಉಳಿಯುವುದಿಲ್ಲ. ಬೇಸಗೆಯಲ್ಲಿ ನಾಲ್ಕು ಸಲ ಭೇದಿಯಾದರೆ ಅಜ್ಜಿಯ ಕಿಡ್ನಿ ಕೈಕೊಡಬಹುದು. ಎರಡೂ ಚೀಟಿಗಳನ್ನು ಒಟ್ಟಿಗೆ ನೋಡುವ ಮನುಷ್ಯ ಊರಿಗೆಲ್ಲ ಫಾರ್ಮಾಸಿಸ್ಟ್ ಒಬ್ಬನೇ, ಮುಂದುವರಿದ ಶಿಕ್ಷಣದ ಮಾತು ಬಂದಾಗ ನಮಗೆ ಕೊನೆಗೆ ನೆನಪಾಗುವವನೂ ಅವನೇ.

ಅಮೆರಿಕದ ಜೆರ್ರಿ ಅವೊರ್ನ್ ಮತ್ತು ಸ್ಟೀಫನ್ ಸೌಮೆರೈ 1983ರಲ್ಲಿ ರೆಪ್‌ಗಳ ವಿಧಾನವನ್ನೇ ಎರವಲು ಪಡೆದರು. ತರಬೇತಾದ ಫಾರ್ಮಾಸಿಸ್ಟರನ್ನು ವೈದ್ಯರ ಕೋಣೆಗೇ ಕಳಿಸಿದರು. ಮಾರಲು ಏನೂ ಇರಲಿಲ್ಲ, ಪುರಾವೆ ಮಾತ್ರ. ಅನಗತ್ಯವಾಗಿ ಬರೆಯುತ್ತಿದ್ದ ಮದ್ದುಗಳು ಶೇ. 14ರಷ್ಟು ಇಳಿದವು. ಕರ್ನಾಟಕಕ್ಕೆ ಇದು ಎಟುಕದ ಮಾತೇನಲ್ಲ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಕ್ಲಿನಿಕಲ್ ಫಾರ್ಮಸಿಯನ್ನು ಈ ದೇಶದಲ್ಲಿ ಬೆಳೆಸಿದ ಮೊದಲಿಗರಲ್ಲಿ ಒಂದು. 2008ರಿಂದ ಆರು ವರ್ಷದ ಫಾರ್ಮ್‌ಡಿ ಪದವಿಯೂ ಇದೆ. ಅದನ್ನು ಓದಿದ ಅನೇಕ ಹುಡುಗ ಹುಡುಗಿಯರು ರೋಗಿಯ ಮುಖ ನೋಡದ ಆಫೀಸು ಕೆಲಸಕ್ಕೆ ಸೇರಿಬಿಡುತ್ತಾರೆ. ಅವರಲ್ಲಿ ಒಬ್ಬರನ್ನು ಒಂದು ತಾಲ್ಲೂಕಿಗೆ, ಸರ್ಕಾರದ ಸಂಬಳದ ಮೇಲೆ ನೇಮಿಸಲಿ. ಬಿಪಿ ಮಾತ್ರೆಯ ಜೊತೆ ನೋವಿನ ಮಾತ್ರೆ ಎಂಬ ಒಂದೇ ವಿಷಯದಿಂದ ಶುರುವಾಗಲಿ. ವೈದ್ಯರು ತಾವೇ ಬರೆದ ಇಪ್ಪತ್ತು ಚೀಟಿಗಳನ್ನು ಮುಂದಿಟ್ಟುಕೊಂಡು ಅರ್ಧ ಗಂಟೆ ಮಾತಾಡಿದರೆ, ಅದನ್ನೂ 30 ಗಂಟೆಯ ಲೆಕ್ಕಕ್ಕೆ ಸೇರಿಸಲಿ. ಕೌಂಟರಿನ ಫಾರ್ಮಾಸಿಸ್ಟರೂ ವಾರ್ಡಿನ ನರ್ಸ್‌ಗಳೂ ಅದೇ ಮಾತುಕತೆಯಲ್ಲಿ ಕೂರಲಿ.

ಇಪ್ಪತ್ತೈದರ ಹುಡುಗಿಯೊಬ್ಬಳು ಬಂದು ಪ್ರಶ್ನೆ ಕೇಳಿದರೆ ಹಿರಿಯ ವೈದ್ಯರು ಮುನಿಯುವುದಿಲ್ಲವೇ ಎಂಬ ಅಳುಕು ಸಹಜ. ಅದಕ್ಕೇ ಈ ಭೇಟಿ ತಪಾಸಣೆಯ ರೂಪ ತಾಳಬಾರದು. ವೈದ್ಯರ ಹೆಸರು ಯಾವ ವರದಿಗೂ ಹೋಗಬಾರದು, ಆಕೆಗೆ ನೋಟಿಸು ಕೊಡುವ ಅಧಿಕಾರವೂ ಇರಬಾರದು. ಬರುವ ದಿನ ಮೊದಲೇ ತಿಳಿಸಿ, ವೈದ್ಯರೇ ಕೇಳಬಯಸುವ ಒಂದು ಪ್ರಶ್ನೆಗೂ ಉತ್ತರ ಹುಡುಕಿ ತಂದರೆ ಎರಡನೇ ಭೇಟಿಗೆ ಅವರೇ ಕುರ್ಚಿ ಎಳೆದು ಕೊಡುತ್ತಾರೆ.