ಹಾಡನ್ನು ಹಿಡಿದಿಟ್ಟವರು

ದೀಪಾವಳಿಯ ರಾತ್ರಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ದೀಪವನ್ನು ಹಿಡಿದು ಮನೆಮನೆಗೆ ಬರುವ ಅಂಟಿಗೆ-ಪಂಟಿಗೆಯವರ ಪದಗಳನ್ನು ಕೇಳಿದಾಗಲೆಲ್ಲ ನಮಗೊಂದು ಯೋಚನೆ ಹುಟ್ಟುತ್ತದೆ. ಹಾಡಿದವರನ್ನು ಲೋಕವು ನೆನೆಯುತ್ತದೆ; ಹಾಡನ್ನು ಹಿಡಿದಿಟ್ಟವರನ್ನು ನೆನೆಯುವವರಾರು?

1902ರಲ್ಲಿ ಫ್ರೆಡ್ ಗೈಸ್‌ಬರ್ಗನು ಕಲ್ಕತ್ತೆಗೆ ಬಂದು ಗೌಹರ್ ಜಾನರ ಗಾನವನ್ನು ಮುದ್ರಿಸಿದನು. 1927ರಲ್ಲಿ ರಾಲ್ಫ್ ಪಿಯರನು ಅಮೆರಿಕದ ಬೆಟ್ಟದ ಸೀಮೆಯ ಬ್ರಿಸ್ಟಲ್ ಪಟ್ಟಣಕ್ಕೆ ಯಂತ್ರವನ್ನೊಯ್ದು, ಕಾರ್ಟರ್ ಕುಟುಂಬದವರ ಮತ್ತು ಜಿಮ್ಮಿ ರಾಡ್ಜರ್ಸನ ಹಳ್ಳಿಯ ಹಾಡುಗಳನ್ನು ತಟ್ಟೆಗಿಳಿಸಿದನು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು 3 ನಿಮಿಷದ ಹಾಡು ಮಾತ್ರ. ಉದ್ದನೆಯ ಪದಗಳು ಮೊಟಕಾದುವು, ಆದರೂ ಉಳಿದುವು.

ನಮ್ಮಲ್ಲಿ 1978ರಲ್ಲಿ ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಗಳು ರಾಗ ಕೂಡಿಸಿದ ‘ನಿತ್ಯೋತ್ಸವ’ದ ಧ್ವನಿಸುರುಳಿ ಹೊರಬಂದಿತು. ಶೃಂಗೇರಿಯ ಮಗ್ಗುಲಲ್ಲಿ ಹರಿಯುವ ತುಂಗೆಯ ಹೆಸರು ನಾಡಿನ ಮನೆಮನೆಗಳಲ್ಲಿ ಕೇಳಿಬಂದಿತು. ಅಂತಹ ಸುರುಳಿಗಳ ಹಿಂದೆ ಹಣವನ್ನೂ ಧೈರ್ಯವನ್ನೂ ಹೂಡಿದವರುಂಟು. ಕವಿಯೂ ಗಾಯಕನೂ ನಮಗೆ ಪರಿಚಿತರು. ಅವರು ಮಾತ್ರ ಅಪರಿಚಿತರು.

ಇಂದು ಆ ಯಂತ್ರವು ಎಲ್ಲರ ಅಂಗೈಯಲ್ಲಿದೆ. ಆದರೆ ನಮ್ಮ ಅಜ್ಜಿಯವರ ಸೋಬಾನೆಯ ಪದಗಳು ಅವರೊಡನೆಯೇ ಹೋದುವು. ನಾಳೆ ನಾಳೆ ಎಂದುದೇ ನಮ್ಮ ತಪ್ಪು. ವಾಚಕರೆ, ನಿಮ್ಮ ಮನೆಯ ಹಿರಿಯರ ಹಾಡನ್ನು ಬರುವ ಹಬ್ಬದೊಳಗಾಗಿ ಹಿಡಿದಿಡಿರಿ. ಹಾಡಿದವರ ಹೆಸರನ್ನೂ ಊರನ್ನೂ ಜೊತೆಗೆ ಬರೆದಿಡಿರಿ.