ಬರೋಲೊಗೆ ಹಾರ್ಟು, ಗೇರು ಹಣ್ಣಿಗೆ ಗೊಬ್ಬರಗುಂಡಿ (ಭಾಗ 3)

ಹ್ವಾಯ್, ಒಂದ್ನಿಮಿಷ ಕಾಣಿ.

ಕಳೆದ ವಾರ ಕ್ಲಾಸ್ ಗ್ರೂಪಲ್ಲಿ ಒಂದು ರೀಲ್ ಓಡಾಡಿತಲ್ಲ, ಇಟಲಿಯ ಬರೋಲೊ ವೈನಿಂದು? "ವೈನುಗಳ ರಾಜ" ಅಂತ. ಎಲ್ಲರೂ ಹಾರ್ಟ್ ಒತ್ತಿದ್ರಿ. ನಾನೂ ಒತ್ತಿದೆ. ಆಮೇಲೆ ಸಿಟ್ಟು ಬಂತು, ಇಟಲಿಯವರ ಮೇಲಲ್ಲ.

ಬರೋಲೊ ಅಂದ್ರೆ ಮೊದಲು ಒಂದು ಊರು. ವಾಯವ್ಯ ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದಲ್ಲಿ ಆ ಊರೂ ಸುತ್ತಲಿನ ಊರುಗಳೂ ಸೇರಿ ಒಟ್ಟು 11. ಅಲ್ಲಿಯ ಗುಡ್ಡದಲ್ಲಿ ಬೆಳೆದ ನೆಬ್ಬಿಯೋಲೊ ದ್ರಾಕ್ಷಿ ಬಿಟ್ಟು ಬೇರೆ ಯಾವುದನ್ನು ಹಾಕಿದ್ರೂ ಬಾಟ್ಲಿ ಮೇಲೆ ಆ ಹೆಸರು ಬರೆಯುವ ಹಾಗಿಲ್ಲ. ಕನಿಷ್ಠ 38 ತಿಂಗಳು ಕಾಯ್ಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಬಣ್ಣ ನೋಡಿದ್ರೆ ತೆಳು ಕೆಂಪು, ಬಾಯಿಗಿಟ್ರೆ ಒಗರು. ಟ್ಯಾನಿನ್ ಅಷ್ಟಿದೆ. ಆ ಒಗರು ಹದಕ್ಕೆ ಬರ್ಲಿ ಅಂತ್ಲೇ ವರ್ಷಗಟ್ಟಲೆ ಇಡುದು.

ಒಗರು! ಈ ಶಬ್ದ ಕೇಳಿದ ಕೂಡ್ಲೆ ನಿಮ್ಮ ಗಂಟಲು ಕೆರೆಯಲಿಲ್ವಾ?

ನಮ್ಮ ಗೇರು ಹಣ್ಣಲ್ಲೂ ಟ್ಯಾನಿನ್ನೇ ಮಾರ್ರೆ. ಅವರ ಒಗರಿಗೆ "ಕ್ಯಾರೆಕ್ಟರ್" ಅಂತೀರಿ. ಬೈಂದೂರಿನ ಹಕ್ಕಲಿನ ಒಗರಿಗೆ "ಥೂ, ಅಂಗಿಗೆ ಕಲೆ ಆತ್". ನಮ್ಮ ಅಜ್ಜಿಮನೆಯಲ್ಲಿ ಮಾರ್ಚಿಂದ ಮೇವರೆಗೆ ಬೀಜ ತಿರುವಿ ಬುಟ್ಟಿಗೆ, ಹಣ್ಣು ಬುಡಕ್ಕೆ. ಹಣ್ಣಿನ ತೂಕ ಬೀಜದ ಐದಾರು ಪಟ್ಟು. ಅಂದ್ರೆ ಬೆಳೆಯ ಹೆಚ್ಚಿನ ಪಾಲನ್ನು ನಾವೇ ಕೊಳೆಸ್ತೇವೆ, ಮತ್ತೆ "ಗೇರಲ್ಲಿ ಎಂತದೂ ಇಲ್ಲೆ" ಅಂತ ಹೇಳಿ ಬೆಂಗಳೂರು ಬಸ್ ಹತ್ತುದು.

"ಹಣ್ಣು ಒಂದು ದಿನವೂ ಉಳಿಯುದಿಲ್ಲ" ಅಂತ ಮಾವ ಹೇಳ್ತಾರೆ. ಸರಿಯೇ. ಗೋವಾದ ಹಣ್ಣೂ ಉಳಿಯುದಿಲ್ಲ. ಅಲ್ಲಿ ಬಿದ್ದ ಹಣ್ಣನ್ನು ಗುಡ್ಡದಲ್ಲೇ ತುಳಿದು ರಸ ತೆಗೀತಾರೆ. ಹುಳಿ ಬರಿಸದೆ ಕುಡಿದ್ರೆ ಅದು ನೀರೊ, ಹುಳಿ ಬರಿಸಿ ಭಟ್ಟಿ ಇಳಿಸಿದ್ರೆ ಫೆನಿ. 2009ರಲ್ಲಿ ಫೆನಿಗೆ ಜಿಐ ಟ್ಯಾಗ್ ಸಿಕ್ಕಿತು. ಮರ ನೋಡಿದ್ರೆ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು, ಇಬ್ಬರಿಗೂ ಒಂದೇ.

ಕುಡೀರಿ ಅಂತ ನಾನು ಹೇಳ್ತಾ ಇಲ್ಲ. ಮನೇಲಿ ಭಟ್ಟಿ ಇಟ್ರೆ ಕೇಸು ಬೀಳ್ತದೆ, ಅದರ ಕಥೆ ಬೇರೆ. ರಸಕ್ಕೆ ಗಂಜಿ ತಿಳಿ ಅಥವಾ ಸಾಬಕ್ಕಿ ಗಂಜಿ ಹಾಕಿಟ್ರೆ ಒಗರು ತಳಕ್ಕೆ ಕೂರ್ತದೆ. ಮೇಲಿನ ತಿಳಿರಸ ಬಸಿದು ಸಕ್ಕರೆ ಹಾಕಿದ್ರೆ ಶರಬತ್ತು. ಪುತ್ತೂರಲ್ಲಿ ಗೇರಿಗಾಗಿಯೇ ಕೇಂದ್ರದ ಸಂಶೋಧನಾ ಸಂಸ್ಥೆ ಇದೆ, ಬ್ರಹ್ಮಾವರದಲ್ಲಿ ಕೃಷಿ-ತೋಟಗಾರಿಕೆ ಸಂಶೋಧನಾ ಕೇಂದ್ರ ಇದೆ. ನಾವು ಬ್ರಹ್ಮಾವರದ ಬಸ್‌ಸ್ಟ್ಯಾಂಡಲ್ಲಿ ಕೋಕ್ ಹಿಡ್ಕೊಂಡು ಸೆಲ್ಫಿ ತೆಗೀತೇವೆ.

ನನ್ನ ಸಿಟ್ಟಿಗೆ ನಿಜವಾದ ಕಾರಣ ಇದು: ಬೀಜದ ರೇಟು ನಮ್ಮ ಕೈಯಲ್ಲಿಲ್ಲ. ಇಲ್ಲಿಯ ಫ್ಯಾಕ್ಟರಿಗಳಿಗೆ ಆಫ್ರಿಕಾದಿಂದಲೂ ಬೀಜ ಹಡಗಲ್ಲಿ ಬರ್ತದೆ. ಹಸಿ ಹಣ್ಣು ಹಡಗು ಹತ್ತಿ ಬರುದಿಲ್ಲ. ಊರಿನ ಹೆಸರು ಅಂಟಿಸಿ ಮಾರ್ಲಿಕ್ಕೆ ಆಗುವಂಥದ್ದು ಅದೊಂದೇ, ಅದನ್ನೇ ಬಿಸಾಡುದು! ಮಟ್ಟುಗುಳ್ಳಕ್ಕೆ, ಉಡುಪಿ ಮಲ್ಲಿಗೆಗೆ ಜಿಐ ತಂದ ಜಿಲ್ಲೆ ಇದು, ಗೊತ್ತಿಲ್ಲದ ದಾರಿ ಏನಲ್ಲ.

ಕೊನೇ ಫೋಟೊ ನಮ್ಮ ಹಕ್ಕಲಿಂದು, ಒಂದೇ ಬೆಳಿಗ್ಗೆ ಬಿದ್ದ ಹಣ್ಣು. ನಿಮ್ಮಲ್ಲಿ ದಿನಕ್ಕೆ ಎಷ್ಟು ಬುಟ್ಟಿ ಕೊಳೀತದೆ? ಊರಿನ ಹೆಸರು ಸಮೇತ ಕಮೆಂಟಲ್ಲಿ ಬರೀರಿ, ಭಾಗ 4ಕ್ಕೆ ಲೆಕ್ಕ ಬೇಕು.

#ಕುಂದಾಪ್ರ #ಬೈಂದೂರು #ಬ್ರಹ್ಮಾವರ #ಗೇರುಹಣ್ಣು