ಮೂವತ್ತು ಮಶೀನುಗಳ ಪಟ್ಟಿಯಲ್ಲಿ ಕಳೆದುಹೋದ ಸುದ್ದಿ

ಕಳೆದ ಮುಂಗಾರಿನಲ್ಲಿ ನಾನು ಬರೆದ ಒಂದು ಸುದ್ದಿ ಅಚ್ಚಾಗಲಿಲ್ಲ. ತೊಗರಿ ಬೆಳೆಗೆ ವಿಮೆ ಕಂತು ಕಟ್ಟಲು ಎರಡೇ ದಿನ ಉಳಿದಿದೆ ಎಂಬ ಸುದ್ದಿ ಅದು. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಆ ಜಾಗದಲ್ಲಿ ಯಾರದೋ ಸನ್ಮಾನದ ಫೋಟೊ ಇತ್ತು. ಡೆಸ್ಕಿಗೆ ಫೋನ್ ಮಾಡಿದೆ. 'ನೀವು ಕಳಿಸೇ ಇಲ್ಲಲ್ರೀ' ಅಂದರು. 'ಪುಟದ ಫೋಲ್ಡರಿಗೇ ಹಾಕೀನಿ ಸರ್' ಅಂದೆ. ಇಬ್ಬರೂ ಹೇಳಿದ್ದು ನಿಜವೇ. ನಾನು ಹಾಕಿದ್ದೆ, ಆದರೆ ಬೇರೆ ಮಶೀನಿಗೆ.

ಹೇಗಾಯಿತು ಅಂತ ಹೇಳುತ್ತೇನೆ. ಅನೇಕ ಕನ್ನಡ ಪತ್ರಿಕೆಗಳಲ್ಲಿ ಈಗಲೂ ಹಳೆಯ ಫಾಂಟು, ಹಳೆಯ ಪುಟವಿನ್ಯಾಸದ ತಂತ್ರಾಂಶ ನಡೆಯುತ್ತಿದೆ. ಅವು ಹೊಸ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡುವುದಿಲ್ಲ. ಹಾಗಾಗಿ ಕಚೇರಿಯ ಒಂದು ದೊಡ್ಡ ಸರ್ವರಿನೊಳಗೆ ಹಲವು ವರ್ಚುವಲ್ ಮಶೀನುಗಳನ್ನು ಮಾಡಿಡುತ್ತಾರೆ. ಒಂದೇ ಕಟ್ಟಡದಲ್ಲಿ ಮೂವತ್ತು ಬಾಡಿಗೆ ಮನೆ ಇದ್ದ ಹಾಗೆ. ನಾವು ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು, ರಿಮೋಟ್ ಸಂಪರ್ಕದ ತಂತ್ರಾಂಶದಲ್ಲಿರುವ ಪಟ್ಟಿಯಿಂದ ನಮ್ಮ ಮನೆಯ ಬಾಗಿಲು ತಟ್ಟಬೇಕು.

ಆ ರಾತ್ರಿ ಪಟ್ಟಿಯಲ್ಲಿ ಮೂವತ್ತಕ್ಕೂ ಹೆಚ್ಚು ಹೆಸರು ಇದ್ದವು. ಪುಟ ಕಟ್ಟುವ ಹೊತ್ತು ಮೀರುತ್ತಿತ್ತು, ಸಿಗ್ನಲ್ ಒಂದೇ ಕಡ್ಡಿ. ಹುಡುಕುವ ಜಾಗದಲ್ಲಿ ಜಿಲ್ಲೆಯ ಹೆಸರು ಟೈಪ್ ಮಾಡಿದೆ. ಒಂದು ಮಶೀನು ಬಂತು, ತೆರೆದೆ. ಒಳಗೆ ಎಲ್ಲವೂ ದಿನದ ಹಾಗೇ ಇತ್ತು. ಅದೇ ಫೋಲ್ಡರು, ಅದೇ ಐಕಾನು. ಸುದ್ದಿ ಹಾಕಿ ಮಲಗಿದೆ. ಅದು ಹೊಸಬರಿಗೆ ತರಬೇತಿ ಕೊಡಲು ಮಾಡಿದ್ದ ನಕಲು ಮಶೀನು ಎಂದು ಮರುದಿನ ಗೊತ್ತಾಯಿತು. ನಿಜವಾದ ಮಶೀನಿನ ಹೆಸರಿನಲ್ಲಿ ಇನ್ನೂ 'ಗುಲ್ಬರ್ಗ' ಎಂದಿತ್ತು. ನಾನು ಹುಡುಕಿದ್ದು 'ಕಲಬುರಗಿ'.

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ನಮಗೆ ಎರಡೂ ಒಂದೇ ಊರು. ಫಿಲ್ಟರಿಗೆ ಹಾಗಲ್ಲ. ಅದು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತದೆ. ಹೊಂದಿದ್ದನ್ನು ತೋರಿಸುತ್ತದೆ, ಹೊಂದದ್ದನ್ನು ಮರೆಮಾಡುತ್ತದೆ. ಮರೆಮಾಡಿದ್ದೇನೆ ಅಂತ ಹೇಳುವುದೂ ಇಲ್ಲ.

ಪಟ್ಟಿ ಜೋಡಿಸುವುದು ಐಟಿ ವಿಭಾಗದ ಕೆಲಸ, ಸಂಪಾದಕೀಯದವರಿಗೆ ಅದರ ಉಸಾಬರಿ ಬೇಡ ಎಂಬುದು ನಮ್ಮಲ್ಲಿನ ರೂಢಿ. ಇದು ತಪ್ಪು ಎನ್ನುವುದೇ ನನ್ನ ವಾದ. ರಾತ್ರಿ ಹತ್ತೂವರೆಗೆ ಆ ಪಟ್ಟಿ ನೋಡುವವರು ನಾವು. ಅದರಲ್ಲಿ ಏನು ಕಾಣಬೇಕು, ಏನು ಕಾಣಬಾರದು ಎಂದು ಹೇಳಬೇಕಾದವರೂ ನಾವೇ.

ಸಾಧನಗಳ ಕೊರತೆ ಇಲ್ಲ. ಎಂರಿಮೋಟ್‌ಎನ್‌ಜಿ ಉಚಿತ, ಮುಕ್ತ ತಂತ್ರಾಂಶ. ಅದರಲ್ಲಿ ಫೋಲ್ಡರಿನೊಳಗೆ ಫೋಲ್ಡರು ಮಾಡಬಹುದು, ಮೇಲಿನ ಫೋಲ್ಡರಿಗೆ ಕೊಟ್ಟ ಸೆಟ್ಟಿಂಗು ಕೆಳಗಿನವಕ್ಕೂ ಇಳಿಯುವಂತೆ ಮಾಡಬಹುದು. ಮೈಕ್ರೋಸಾಫ್ಟಿನ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಮ್ಯಾನೇಜರಿನಲ್ಲಿ ಸ್ಮಾರ್ಟ್ ಗ್ರೂಪ್ ಎಂಬುದಿದೆ. 'ಹೆಸರಿನಲ್ಲಿ ಇಂಥದ್ದು ಇದ್ದರೆ ಇಲ್ಲಿ ತೋರಿಸು' ಎಂದು ನಿಯಮ ಬರೆದಿಟ್ಟರೆ ಗುಂಪು ತಾನಾಗಿಯೇ ತುಂಬಿಕೊಳ್ಳುತ್ತದೆ. ಭದ್ರತಾ ದೋಷದ ಕಾರಣಕ್ಕೆ 2020ರಲ್ಲಿ ಈ ತಂತ್ರಾಂಶವನ್ನು ಹಿಂತೆಗೆದುಕೊಂಡಿದ್ದ ಕಂಪನಿ 2021ರಲ್ಲಿ ಮತ್ತೆ ಬಿಟ್ಟಿತು. ಅದಕ್ಕೂ ಹಳೆಯ ಆವೃತ್ತಿಯನ್ನೇ ಯಾರಾದರೂ ಬಳಸುತ್ತಿದ್ದರೆ ಈಗಲೇ ಬದಲಿಸಲಿ.

ಆದರೆ ಇಂಥ ಪಟ್ಟಿ ಮೂಲತಃ ಒಂದು ವಿಳಾಸ ಪುಸ್ತಕ. ಸರ್ವರಿನಲ್ಲಿ ಮಶೀನನ್ನು ಅಳಿಸಿದರೂ ಇಲ್ಲಿ ಕೈಯಾರೆ ಸೇರಿಸಿದ ಹೆಸರು ಹಾಗೇ ಉಳಿಯುತ್ತದೆ. ಯಾವುದು ಚಾಲ್ತಿಯಲ್ಲಿದೆ, ಯಾವುದನ್ನು ನಿಲ್ಲಿಸಿದ್ದಾರೆ ಎಂಬುದು ಸರ್ವರಿನ ಕಡೆಯ ತಂತ್ರಾಂಶಕ್ಕೆ ಗೊತ್ತು. ಹಾಗಾಗಿ ತಿಂಗಳಿಗೊಮ್ಮೆಯಾದರೂ ಯಾರೋ ಒಬ್ಬರು ಎರಡನ್ನೂ ಪಕ್ಕಪಕ್ಕ ಇಟ್ಟು, ಸತ್ತ ಹೆಸರುಗಳನ್ನು ತೆಗೆಯಬೇಕು. ಮತದಾರರ ಪಟ್ಟಿ ಪರಿಷ್ಕರಣೆ ಇದ್ದ ಹಾಗೆ.

ಫಿಲ್ಟರು ಚೆನ್ನಾಗಿ ಕೆಲಸ ಮಾಡಬೇಕಾದರೆ ಮೊದಲು ಹೆಸರು ಚೆನ್ನಾಗಿರಬೇಕು. ಊರಿನ ಹೆಸರು ಬಿಡಿ, ಗಾಡಿ ನಂಬರು ಹಾಕಿ ಎನ್ನುವುದು ನನ್ನ ಸಲಹೆ. ಕಲಬುರಗಿಗೆ 32, ರಾಯಚೂರಿಗೆ 36, ವಿಜಯಪುರಕ್ಕೆ 28. ಊರಿನ ಹೆಸರು ಬದಲಾದರೂ ಕೆಎ 32 ಬದಲಾಗಲಿಲ್ಲ, ಯಾವ ಸ್ಟ್ರಿಂಗರಿಗೂ ಅದನ್ನು ಕಲಿಸಬೇಕಿಲ್ಲ. ಅದರ ಮುಂದೆ ಕೆಲಸ, ಆಮೇಲೆ ಸ್ಥಿತಿ: '32-ಪುಟ-ಚಾಲ್ತಿ', '32-ಪುಟ-ತರಬೇತಿ'. ಕ್ರಮಸಂಖ್ಯೆ ಬೇಕಿದ್ದರೆ 2 ಅನ್ನಬೇಡಿ, 02 ಅನ್ನಿ. ಅಕ್ಷರಕ್ರಮದಲ್ಲಿ ಜೋಡಿಸಿದಾಗ 10 ಎಂಬುದು 2ಕ್ಕಿಂತ ಮೊದಲು ಬಂದು ಕೂರುವುದುಂಟು. ತರಬೇತಿಯ ಮಶೀನುಗಳು ಬೇರೆಯದೇ ಫೋಲ್ಡರಿನಲ್ಲಿರಲಿ. ನಕಲು ಮಶೀನಿನ ಒಳಗೆ ಡೆಸ್ಕ್‌ಟಾಪಿನ ಬಣ್ಣವನ್ನೂ ಬದಲಿಸಿ. ಬಿಜಿಇನ್ಫೋ ಎಂಬ ಚಿಕ್ಕ ಉಚಿತ ತಂತ್ರಾಂಶ ಮಶೀನಿನ ಹೆಸರನ್ನು ಪರದೆಯ ಹಿನ್ನೆಲೆಯ ಮೇಲೆಯೇ ಬರೆದಿಡುತ್ತದೆ. ತಪ್ಪು ಮನೆಗೆ ಹೊಕ್ಕರೂ ಗೋಡೆ ನೋಡಿದ ಕೂಡಲೇ ಗೊತ್ತಾಗಬೇಕು.

'ಅಷ್ಟೆಲ್ಲ ಯಾಕೆ, ನಿನಗೆ ಬೇಡದ್ದನ್ನು ಪಟ್ಟಿಯಿಂದ ಮುಚ್ಚಿಬಿಟ್ಟರೆ ಸಾಕಲ್ಲ' ಎಂದ ಗೆಳೆಯರಿದ್ದಾರೆ. ಅರ್ಧ ಒಪ್ಪುತ್ತೇನೆ. ನನ್ನ ಕಣ್ಣಿಗೆ ಎರಡೇ ಮಶೀನು ಕಂಡರೆ ನಾನು ಎಡವುವುದು ಕಡಿಮೆ. ಆದರೆ ಮುಚ್ಚುವುದು ಬೀಗ ಹಾಕಿದಂತಲ್ಲ. ಪಟ್ಟಿಯಲ್ಲಿ ಕಾಣದ ಮಶೀನಿನ ವಿಳಾಸ ಗೊತ್ತಿದ್ದವರು, ಅಲ್ಲಿ ಅನುಮತಿಯೂ ಇದ್ದರೆ, ನೇರ ಒಳಗೆ ಹೋಗುತ್ತಾರೆ. ಅನುಮತಿಯನ್ನು ಮಶೀನಿನಲ್ಲೇ ಕಟ್ಟಬೇಕು, ಫಿಲ್ಟರು ಕಣ್ಣಿಗೆ ಅನುಕೂಲಕ್ಕೆ ಮಾತ್ರ.

ಆ ಸುದ್ದಿ ಮರುದಿನ ಬಂತು. ಅಷ್ಟರಲ್ಲಿ ಕೊನೆಯ ದಿನವೂ ಬಂದಿತ್ತು. ಕಂತು ಕಟ್ಟುವ ಸಾಲಿನ ಫೋಟೊ ತೆಗೆಯಲು ಹೋದಾಗ ಒಬ್ಬ ಹಿರಿಯರು ಪತ್ರಿಕೆ ತೋರಿಸಿ ಕೇಳಿದರು: 'ಇದನ್ನ ನಿನ್ನೆನೇ ಹಾಕಬಾರದಿತ್ತೇನೋ ತಮ್ಮಾ? ಪಹಣಿ ತರಾಕ ಒಂದು ದಿನ ಸಿಗ್ತಿತ್ತು.'

ನಿನ್ನೆನೇ ಹಾಕಿದ್ದೆ ಅಜ್ಜಾ, ಮಶೀನು ಬೇರೆ ಆಗಿತ್ತು ಅಂತ ಅವರಿಗೆ ಹೇಗೆ ಹೇಳಲಿ? ಸುಮ್ಮನೆ ಫೋಟೊ ತೆಗೆದುಕೊಂಡು ಬಂದೆ. ಆ ಸಂಜೆಯೇ ಡೆಸ್ಕಿಗೂ ಐಟಿಯವರಿಗೂ ಒಂದೇ ಮೇಲ್ ಹಾಕಿ, ಹೆಸರುಗಳ ಹೊಸ ಪಟ್ಟಿ ಕಳಿಸಿದೆ. ನೀವೂ ನಿಮ್ಮ ಪಟ್ಟಿಯನ್ನು ಈ ವಾರ ಒಮ್ಮೆ ತೆರೆದು ನೋಡಿ.